ಅಪರೂಪದ ಪಾಸ್ಕ್ ಹೂ: ಹೊಸ ಬೀಜ, ಆಳದ ಕುಂಡ

ಇಂಗ್ಲೆಂಡಿನ ಬಾರ್ನಾಕ್ ಎಂಬ ಊರಿನ ಪಕ್ಕದಲ್ಲಿ ಹಳೆಯ ಕಲ್ಲುಗಣಿಯೊಂದಿದೆ. ಪೀಟರ್‌ಬರೋ ಮತ್ತು ಈಲಿಯ ದೊಡ್ಡ ಚರ್ಚುಗಳಿಗೆ ಸುಣ್ಣಕಲ್ಲು ಹೋದದ್ದು ಇಲ್ಲಿಂದ. ಮಧ್ಯಯುಗದ ಗಣಿಗಾರರು ಒಳ್ಳೆಯ ಕಲ್ಲನ್ನೆಲ್ಲ ಸಾಗಿಸಿ, ಚೂರು-ಪುಡಿಗಳನ್ನು ಅಲ್ಲೇ ಗುಡ್ಡೆ ಹಾಕಿ ಹೋದರು. ಈಗ ಆ ಗುಡ್ಡೆಗಳ ಗಿಡ್ಡ ಹುಲ್ಲಿನ ನಡುವೆ ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ನೇರಳೆ ಹೂಗಳು ಅರಳುತ್ತವೆ. ಎಸಳು ಆರು, ನಡುವೆ ಹಳದಿ ಕೇಸರಗಳ ಗುಚ್ಛ, ಮೈತುಂಬ ರೇಷ್ಮೆಯಂಥ ರೋಮ. ಇದೇ ಪಾಸ್ಕ್ ಹೂ. ಸಸ್ಯಶಾಸ್ತ್ರದಲ್ಲಿ ಇದು ಪಲ್ಸಟಿಲ್ಲ ವಲ್ಗ್ಯಾರಿಸ್. ಬ್ರಿಟನ್ನಿನಲ್ಲಿ ಇದು ತಾನಾಗಿ ಬೆಳೆಯುವ ತಾಣಗಳು ಇಪ್ಪತ್ತಕ್ಕಿಂತ ಕಡಿಮೆ.

ಇದು ಇಷ್ಟು ಅಪರೂಪವಾಗಲು ಹುಲ್ಲುಗಾವಲುಗಳನ್ನು ಉತ್ತದ್ದು ಒಂದು ಕಾರಣ, ಕುರಿ ಮೇಯಿಸುವುದು ನಿಂತದ್ದು ಇನ್ನೊಂದು. ಹೂ ಬಿಡುವಾಗ ಗಿಡ ಒಂದು ಗೇಣಿನಷ್ಟೂ ಇರುವುದಿಲ್ಲ. ಸುತ್ತಲಿನ ಹುಲ್ಲು, ಪೊದೆ ಎತ್ತರ ಬೆಳೆದರೆ ಬಿಸಿಲಿಲ್ಲದೆ ಸೊರಗುತ್ತದೆ. ಉದುರಿದ ಬೀಜ ಒಣಹುಲ್ಲಿನಲ್ಲಿ ಸಿಕ್ಕಿಕೊಂಡು ಮಣ್ಣನ್ನೇ ಮುಟ್ಟುವುದಿಲ್ಲ. ಮನೆತೋಟದಲ್ಲಿ ಈ ಎರಡೂ ತೊಡಕುಗಳನ್ನು ತಪ್ಪಿಸಬಹುದು. ಹಾಗಾಗಿ ಬಯಲಿನಲ್ಲಿ ಅಪರೂಪವಾದ ಈ ಗಿಡ ಬೀಜದಿಂದ ಸಲೀಸಾಗಿ ಏಳುತ್ತದೆ.

ಬಯಲಿನಿಂದ ಕಿತ್ತು ತಂದ ಗಿಡದ ಕಥೆಯೇ ಬೇರೆ. ತಾಯಿಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ. ಅಗೆಯುವಾಗ ಅದು ತುಂಡಾದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವುದು ಅಪರಾಧ ಕೂಡ.

ಯಾವ ಊರಿಗೆ ಸೂಕ್ತ?

ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಸೀಮೆಯ ಗಿಡ ಇದು. ಇದರ ಬಳಗದ ಪಲ್ಸಟಿಲ್ಲ ಪೇಟೆನ್ಸ್ 1903ರಿಂದ ಅಮೆರಿಕದ ಸೌತ್ ಡಕೋಟದ ರಾಜ್ಯಪುಷ್ಪ, 1906ರಿಂದ ಕೆನಡಾದ ಮ್ಯಾನಿಟೋಬ ಪ್ರಾಂತದ ಹೂವೂ ಹೌದು. ಪಶ್ಚಿಮ ಹಿಮಾಲಯದ ಎತ್ತರದಲ್ಲಿ ಪಲ್ಸಟಿಲ್ಲ ವಾಲಿಚಿಯಾನ ಇದೆ. ಬೆಂಗಳೂರಿನದಿರಲಿ, ಮಡಿಕೇರಿಯ ಚಳಿಯೂ ಪಾಸ್ಕ್ ಹೂವಿಗೆ ಸಾಲದು. ಕರ್ನಾಟಕದ ತೋಟಗಳಿಗೆ ಇದನ್ನು ಶಿಫಾರಸು ಮಾಡುವಂತಿಲ್ಲ. ಇಂಗ್ಲೆಂಡ್, ಜರ್ಮನಿ, ಕೆನಡಾಗಳಲ್ಲಿ ನೆಲೆಸಿ ಮನೆ ಹಿಂದೆ ತುಂಡು ನೆಲ ಇಟ್ಟುಕೊಂಡ ಕನ್ನಡಿಗರು ಧೈರ್ಯವಾಗಿ ಕೈಹಾಕಬಹುದು.

ಬೀಜದ ಆಯ್ಕೆ

ಹೂ ಮುಗಿದ ಮೇಲೆ ದಂಟು ಬೆಳೆಯುತ್ತ ಮೊದಲಿನ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ತುದಿಯಲ್ಲಿ ಬೆಳ್ಳಿ ಬಣ್ಣದ ಗೊಂಡೆ ಮೂಡುತ್ತದೆ. ಗೊಂಡೆಯ ಒಂದೊಂದು ಎಳೆಯ ಬುಡದಲ್ಲೂ ಒಂದು ಬೀಜ. ಎಳೆಯೇ ಅದರ ಬಾಲ. ತೇವ ತಾಕಿದಾಗ ಮತ್ತು ಒಣಗಿದಾಗ ಈ ಬಾಲ ತಿರುಚಿ ಬಿಚ್ಚಿಕೊಳ್ಳುತ್ತ, ಬೀಜದ ಚೂಪು ತುದಿಯನ್ನು ತಿರುಪಿನಂತೆ ಮಣ್ಣಿಗೆ ಇಳಿಸುತ್ತದೆ. ಇಂಗ್ಲೆಂಡಿನಲ್ಲಿ ಬೀಜ ಬಲಿಯುವುದು ಸುಮಾರು ಜೂನ್ ತಿಂಗಳಲ್ಲಿ. ಗೊಂಡೆಯನ್ನು ಮೆಲ್ಲಗೆ ಎಳೆದಾಗ ಎಳೆಗಳು ಬೆರಳಿಗೆ ತಾವಾಗಿ ಬಂದರೆ ಬೀಜ ಸಿದ್ಧವಾಗಿದೆ ಎಂದರ್ಥ. ಎರಡು ದಿನ ತಡವಾದರೂ ಗಾಳಿಯ ಪಾಲು. ಜೊಳ್ಳು ಬೇಕಾದಷ್ಟು ಇರುತ್ತದೆ. ಉಗುರಿನಿಂದ ಒತ್ತಿದಾಗ ಚಪ್ಪಟೆಯಾಗುವುದನ್ನು ಬಿಟ್ಟು ಗಟ್ಟಿಯಾದದ್ದನ್ನು ಆರಿಸಿಕೊಳ್ಳಬೇಕು.

ಕಿತ್ತ ವಾರದಲ್ಲೇ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಇಟ್ಟ ಬೀಜದ ಕಸುವು ಬೇಗ ಇಳಿಯುತ್ತದೆ. ಸ್ವಂತ ಗಿಡವಿಲ್ಲದವರಿಗೆ ಬ್ರಿಟನ್ನಿನ ಆಲ್ಪೈನ್ ಗಾರ್ಡನ್ ಸೊಸೈಟಿ, ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್, ಉತ್ತರ ಅಮೆರಿಕದ ರಾಕ್ ಗಾರ್ಡನ್ ಸೊಸೈಟಿಗಳ ಬೀಜ ವಿನಿಮಯ ಒಂದು ದಾರಿ. ಅಲ್ಲಿನ ಬೀಜ ಕೈಸೇರುವುದು ಚಳಿಗಾಲದಲ್ಲಿ. ಅದನ್ನು ಕೂಡಲೇ ಬಿತ್ತಿ, ಕುಂಡವನ್ನು ಹೊರಗಿನ ಚಳಿಗೆ ಬಿಡಬೇಕು.

ಬಿತ್ತನೆ ಮತ್ತು ಸಸಿ ಆರೈಕೆ

ಒಂದು ಪಾಲು ಸಸಿಮಡಿ ಕಾಂಪೋಸ್ಟ್, ಒಂದು ಪಾಲು ಸಣ್ಣ ಹರಳು ಕಲಸಿದ ಮಿಶ್ರಣವನ್ನು ಕುಂಡಕ್ಕೆ ತುಂಬಬೇಕು. ಬೀಜದ ಚೂಪು ತುದಿ ಕೆಳಗೆ, ಬಾಲ ಮೇಲೆ ಇರುವಂತೆ ಒಂದೊಂದಾಗಿ ಚುಚ್ಚುವುದು ಒಳ್ಳೆಯದು. ಬಾಲ ಅಡ್ಡ ಬಂದರೆ ಕತ್ತರಿಸಬಹುದು. ಮೇಲೆ ಹರಳಿನ ತೆಳುವಾದ ಪದರ ಸಾಕು. ನೀರನ್ನು ಮೇಲಿಂದ ಸುರಿಯುವ ಬದಲು ಕುಂಡವನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದರೆ ಬೀಜ ಕದಲುವುದಿಲ್ಲ. ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೊಸ ಬೀಜ ಮೂರು-ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಮೊಳೆಯದ ಕುಂಡವನ್ನು ಚೆಲ್ಲಬಾರದು. ಒಂದು ಚಳಿಗಾಲ ಕಳೆದ ಮೇಲೆ ವಸಂತದಲ್ಲಿ ಮೊಳೆತದ್ದೂ ಉಂಟು.

ಎರಡು ನಿಜವಾದ ಎಲೆ ಕಾಣುತ್ತಲೇ ಸಸಿಯನ್ನು ಬೇರೆ ಕುಂಡಕ್ಕೆ ಸಾಗಿಸಬೇಕು. ಮೇಲೆ ಎಲೆ ಚಿಕ್ಕದಿದ್ದರೂ ಕೆಳಗೆ ಬೇರು ಆಗಲೇ ಉದ್ದವಾಗಿರುತ್ತದೆ. ತಡಮಾಡಿದರೆ ಅದು ಕುಂಡದ ತಳದಲ್ಲಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಅಗಲಕ್ಕಿಂತ ಆಳ ಹೆಚ್ಚಿರುವ ಕುಂಡ ಬೇಕು.

ನಾಟಿ

ಸಸಿ ಬಲವಾದ ಮೇಲೆ ವಸಂತದಲ್ಲಿ ನೆಲಕ್ಕೆ ನೆಡಬಹುದು. ಜಾಗಕ್ಕೆ ದಿನವಿಡೀ ಬಿಸಿಲು ಬೀಳಬೇಕು, ನೀರು ಬಸಿದು ಹೋಗಬೇಕು. ಜೇಡಿಮಣ್ಣಿನವರು ಏರುಮಡಿ ಮಾಡಿ ಹರಳು, ಸುಣ್ಣಕಲ್ಲಿನ ಚೂರು ಬೆರೆಸಿಕೊಳ್ಳಬೇಕು. ಮಣ್ಣಿನ ರಸಸಾರ 7ರಿಂದ 8ರ ನಡುವೆ ಇದ್ದರೆ ಒಳಿತು. ಗೊಬ್ಬರ ಹೆಚ್ಚಾದರೆ ಗಿಡ ಸೊಕ್ಕಿ ಎಲೆಯೇ ಬೆಳೆಯುತ್ತದೆ. ಎಲ್ಲ ಪ್ರಭೇದಕ್ಕೂ ಸುಣ್ಣ ಆಗಿಬರುವುದಿಲ್ಲ: ಆಲ್ಪ್ಸ್ ಪರ್ವತದ ಪಲ್ಸಟಿಲ್ಲ ವೆರ್ನಾಲಿಸ್‌ಗೆ ಹುಳಿಮಣ್ಣೇ ಬೇಕು. ಅದನ್ನು ಚಳಿಗಾಲದ ಮಳೆಯಿಂದ ಕಾಪಾಡಲು ಮೇಲೊಂದು ಗಾಜಿನ ಹಾಳೆಯನ್ನೂ ಹೊದಿಸುತ್ತಾರೆ. ಒಮ್ಮೆ ನೆಟ್ಟ ಗಿಡವನ್ನು ಮತ್ತೆ ಕೀಳಬಾರದು. ಮೊದಲ ಹೂ ಎರಡನೆಯ ಅಥವಾ ಮೂರನೆಯ ವಸಂತಕ್ಕೆ.

ಚಿಪ್ಪಿಲ್ಲದ ಬಸವನಹುಳು ಎಳೆಯ ಸಸಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲದು. ಕತ್ತಲಾದ ಮೇಲೆ ದೀಪ ಹಿಡಿದು ಹೆಕ್ಕಿ ತೆಗೆಯಬೇಕು. ಗಿಡದ ರಸ ಚರ್ಮಕ್ಕೆ ಉರಿ ತರುತ್ತದೆ, ಹೊಟ್ಟೆಗೆ ಹೋದರೆ ವಿಷ. ಕೈಗವಸು ಇರಲಿ, ಮಕ್ಕಳ ಮೇಲೆ ಗಮನವಿರಲಿ. ಹೋಮಿಯೋಪಥಿಯಲ್ಲಿ ಪಲ್ಸಟಿಲ್ಲ ಎಂಬ ಔಷಧಿ ಇದೆಯೆಂದು ಹಿತ್ತಲಿನ ಗಿಡವನ್ನು ಮನೆಮದ್ದಿಗೆ ಬಳಸುವಂತಿಲ್ಲ.

ಬೀಜ ಹಂಚುವವರು ತಿಳಿದಿರಬೇಕಾದ ಸಂಗತಿ ಒಂದಿದೆ. ಈ ಬಳಗದ ಪ್ರಭೇದಗಳು ಜೇನುನೊಣಗಳ ಓಡಾಟದಿಂದ ಸುಲಭವಾಗಿ ಬೆರೆಯುತ್ತವೆ. ಎರಡು-ಮೂರು ಬಗೆ ಒಟ್ಟಿಗಿರುವ ತೋಟದ ಬೀಜ ತಾಯಿಗಿಡದಂತೆಯೇ ಬರುವುದೆಂಬ ಭರವಸೆಯಿಲ್ಲ. ಚೀಟಿಯಲ್ಲಿ ಹೆಸರಿನ ಜೊತೆ ತೋಟದ ಬೀಜವೆಂದೂ ಬರೆಯಬೇಕು. ಇದೇ ಕಾರಣಕ್ಕೆ ಬಾರ್ನಾಕ್‌ನಂಥ ಸಹಜ ತಾಣಗಳ ಹತ್ತಿರ ತೋಟದ ಬೀಜವನ್ನು ಎರಚಬಾರದು. ಅಲ್ಲಿಗೆ ಹೊಸ ಗಿಡ ಬೇಕಾದರೆ ಆ ತಾಣವನ್ನು ನೋಡಿಕೊಳ್ಳುವ ಸಂರಕ್ಷಕರು ಅಲ್ಲಿಯದೇ ಬೀಜದಿಂದ ಬೆಳೆಸಿಕೊಳ್ಳಬೇಕಾಗುತ್ತದೆ.