ಬೂದಿ ಬುಧವಾರದ ಬೂದಿಯೂ ದೋಣಿಮಲೈಯ ಕೆಮ್ಮಣ್ಣೂ

ಸ್ಮರಣ ಸಂಚಿಕೆಯ ಮಂಡಲಿಯವರು ಈ ಸಾರಿಯೂ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿಕೊಂಡಾಗ, ಮನೆಯಲ್ಲಿ ಓದುವ ಅಭ್ಯಾಸವನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದು ನಾವು ಕುಳಿತಿದ್ದೆವು. ಆದರೆ ಕಳೆದ ಲೆಂಟ್ ಕಾಲದಲ್ಲಿ ನಮಗೆ ಒದಗಿದ ಒಂದು ಮರಣವು ಮನಸ್ಸನ್ನು ಬಿಟ್ಟುಹೋಗಲೊಲ್ಲದು. ಆದುದರಿಂದ ಆ ಕಾಲವನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ. ಪಾಠದ ನಡುವೆ ನಮ್ಮ ತಪ್ಪೊಂದನ್ನೂ ಹೇಳಬೇಕಾಗಿ ಬರುತ್ತದೆ. ಶಿಷ್ಯೆಯರ ಮುಂದೆ ಉಪಾಧ್ಯಾಯಿನಿಯು ತನ್ನ ತಪ್ಪನ್ನು ಹೇಳಿಕೊಳ್ಳುವುದು ಅಯುಕ್ತವೆಂದು ನಮಗೆ ತೋರುವುದಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಬೂದಿ ಬುಧವಾರದಿಂದ ಪುನರುತ್ಥಾನದ ಹಬ್ಬದ ಹಿಂದಿನ ಶನಿವಾರದವರೆಗೆ ಎಣಿಸಿದರೆ ೪೬ ದಿನಗಳಾಗುತ್ತವೆ. ಎಂಟನೆಯ ತರಗತಿಯ ಯಾವಳಾದರೊಬ್ಬಳು ಪ್ರತಿ ವರ್ಷವೂ ಬೆರಳು ಮಡಿಸಿ ಎಣಿಸಿ, ನಲ್ವತ್ತೆಂದಿರಿ, ಆರು ಹೆಚ್ಚಾಯಿತಲ್ಲಾ ಎಂದು ಕೇಳುವುದುಂಟು. ಭಾನುವಾರಗಳು ಆರು, ಅವು ಕರ್ತನು ಎದ್ದ ದಿನದ ಸ್ಮರಣೆಯಾದುದರಿಂದ ಉಪವಾಸದ ಲೆಕ್ಕಕ್ಕೆ ಸೇರವು. ಅಂದರೆ ದುಃಖದ ನಡುವೆಯೂ ವಾರಕ್ಕೊಂದು ದಿನ ದುಃಖಕ್ಕೆ ರಜೆಯುಂಟು. ಲೆಂಟ್ ಎಂಬ ಮಾತು ಹಳೆಯ ಇಂಗ್ಲಿಷಿನಲ್ಲಿ ವಸಂತ ಋತುವಿನ ಹೆಸರು, ಹಗಲು ಉದ್ದವಾಗುತ್ತ ಹೋಗುವ ಕಾಲವೆಂದು ಅರ್ಥ. ನಮ್ಮ ಬಳ್ಳಾರಿ ಸೀಮೆಯಲ್ಲಾದರೋ, ನಮ್ಮ ತಾಯಂದಿರ ಕಾಲದಲ್ಲಿ, ಹಗಲಿನ ಸಂಗಡ ಬಾವಿಯ ಹಗ್ಗವೂ ಉದ್ದವಾಗುತ್ತಿತ್ತು.

ಬಳ್ಳಾರಿಗೆ ಮೊದಲು ಸುವಾರ್ತೆಯನ್ನು ತಂದವರು ಲಂಡನ್ ಮಿಷನಿನವರು. ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಇಲ್ಲಿಗೆ ಬಂದು, ಜೊತೆಗಾರರೊಡನೆ ದುಡಿದು, ಸತ್ಯವೇದವನ್ನು ಕನ್ನಡಕ್ಕೆ ತಂದರು. ಅದು ಪೂರ್ಣವಾಗಿ ಮುದ್ರಣವಾದುದು ೧೮೩೧ರಲ್ಲಿ. ಅವರ ಸಂಪ್ರದಾಯದಲ್ಲಿ ಹಬ್ಬಹರಿದಿನಗಳ ಪಂಚಾಂಗಕ್ಕೆ ಹೆಚ್ಚಿನ ಗೌರವವಿರಲಿಲ್ಲ, ಹಣೆಗೆ ಬೂದಿಯಿಡುವುದಂತೂ ಇರಲಿಲ್ಲ. ೧೯೪೭ರ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಗಿ, ಬೇರೆ ಬೇರೆ ಮಿಷನ್ನುಗಳ ಸಭೆಗಳು ಒಂದಾದ ಮೇಲೆ, ಒಬ್ಬರ ಆಚಾರವು ಇನ್ನೊಬ್ಬರಿಗೆ ಪರಿಚಯವಾಯಿತು. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಬೂದಿ ಮಾಡಿ ಹಣೆಗಿಡುವ ಪದ್ಧತಿಯನ್ನು ಈಗ ಕೆಲವು ಸಭೆಗಳಲ್ಲಿ ಕಾಣುತ್ತೇವೆ, ಕೆಲವುಗಳಲ್ಲಿ ಕಾಣೆವು. ಇಡಬೇಕೋ ಬಿಡಬೇಕೋ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಬೂದಿಯನ್ನು ಕಂಡರೆ ಅದರ ಅರ್ಥವೇನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ; ನೆರೆಮನೆಯ ವಿಭೂತಿಧಾರಿಗಳಾದ ಅಜ್ಜಂದಿರೂ ಅದನ್ನು ಬಲ್ಲರು.

ಬೂದಿಯ ಮಾತು ಬಂದುದರಿಂದ ನಮ್ಮ ಸೀಮೆಯ ಬೂದಿದಿಬ್ಬಗಳನ್ನು ನೆನೆಯದೆ ಮುಂದೆ ಹೋಗಲಾರೆವು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಬಳಿ ಒಂದು, ಹಂಪಿಯ ಹತ್ತಿರ ನಿಂಬಾಪುರದಲ್ಲಿ ಒಂದು, ಹೀಗೆ ಹಲವು ಇವೆ. ನಿಂಬಾಪುರದ್ದು ವಾಲಿಯ ಚಿತಾಭಸ್ಮವೆಂದು ಜನರು ಹೇಳುತ್ತಾರೆ. ಅಷ್ಟು ಬೂದಿಯನ್ನು ಒಂದೆಡೆ ಕಂಡವರಿಗೆ ಚಿತೆಯಲ್ಲದೆ ಬೇರೇನು ನೆನಪಾದೀತು? ಆದರೆ ವಿದ್ವಾಂಸರು ಅಗೆದು ನೋಡಿದಾಗ ಅದು ಸುಟ್ಟ ಸಗಣಿಯೆಂದು ತಿಳಿಯಿತು. ಆಲ್ಚಿನ್ ಎಂಬ ಪಂಡಿತರು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನವಶಿಲಾಯುಗದ ದನಗಾಹಿಗಳು ಹಟ್ಟಿ ಹೂಡಿ, ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಈ ದಿಬ್ಬಗಳು ಬೆಳೆದುವೆಂದು ವಿವರಿಸಿದರು. ಸತ್ತ ಒಬ್ಬನ ಬೂದಿಯೆಂದು ತಿಳಿದುದು ಕೂಡಿ ಬಾಳಿದ ಹಲವರ ಬೂದಿಯಾಯಿತು! ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ಮೊದಲು ಮೂಗು ಮುಚ್ಚಿಕೊಂಡು ನಕ್ಕು, ಆಮೇಲೆ ಸುಮ್ಮನಾಗುತ್ತಾರೆ.

ಬೂದಿಗೆ ಜೊತೆಯಾದುದು ಮಣ್ಣು. ಆದಿಕಾಂಡವನ್ನು ಬರೆದ ಇಬ್ರಿಯ ಭಾಷೆಯಲ್ಲಿ ಮನುಷ್ಯನಿಗೆ ಆದಾಮ್ ಎಂದೂ ನೆಲಕ್ಕೆ ಅದಾಮಾ ಎಂದೂ ಹೆಸರು. ಕೆಂಪು ಎಂಬುದಕ್ಕಿರುವ ಅದೋಮ್ ಎಂಬ ಮಾತೂ ಇವುಗಳ ಕುಲದ್ದೇ ಎಂದು ಅನೇಕ ಭಾಷಾಪಂಡಿತರು ಭಾವಿಸುತ್ತಾರೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಮಾರ್ಚ್ ತಿಂಗಳಲ್ಲಿ ತೋರಣಗಲ್ಲಿನ ಕಡೆಯಿಂದ ಸಂಡೂರಿನ ದಾರಿ ಹಿಡಿದು ದೋಣಿಮಲೈಗೆ ಹೋಗುವುದು ಬೇರೆ. ಅಲ್ಲಿ ಗುಡ್ಡ ಕೆಂಪು, ದಾರಿ ಕೆಂಪು, ಬೇವಿನ ಎಲೆಯೂ ಕೆಂಪು. ಬಿಳಿಯ ಸೀರೆಯುಟ್ಟು ಹೋದವರು ಅದೇ ಬಣ್ಣದಲ್ಲಿ ಹಿಂದಿರುಗುವಂತಿಲ್ಲ. ಕಬ್ಬಿಣದ ಅದಿರಿನ ಗಣಿಯು ೧೯೭೭ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಗಣಿಯ ಸಂಗಡ ಕಾಲೊನಿಯೂ ಬೆಳೆಯಿತು. ತೆಲುಗು, ತಮಿಳು, ಮಲಯಾಳ ಮಾತಾಡುವ ಮನೆಗಳು ಕನ್ನಡದ ಮನೆಗಳ ಪಕ್ಕದಲ್ಲಿ ನಿಂತವು. ಇಂಥ ಸ್ಥಳದ ಸಭೆಯಲ್ಲಿ ಹುಟ್ಟೂರಿನವರು ಕಡಿಮೆ, ಬಂದವರೇ ಹೆಚ್ಚು. ೨೦೧೮ರ ನವೆಂಬರಿನಿಂದ ೨೦೨೧ರ ಫೆಬ್ರವರಿಯವರೆಗೆ ಗಣಿಯ ಕೆಲಸವೇ ನಿಂತಿದ್ದಾಗ, ನಮ್ಮೂರು ಯಾವುದು ಎಂಬ ಪ್ರಶ್ನೆ ಅಂಥ ಮನೆಗಳಲ್ಲಿ ಎಷ್ಟು ಸಾರಿ ಎದ್ದಿತೋ!

ಈ ಪ್ರಶ್ನೆಗೆ ಸಂಬಂಧಪಟ್ಟ ಪಾಠವು ಆದಿಕಾಂಡದ ೨೩ನೆಯ ಅಧ್ಯಾಯದಲ್ಲಿದೆ. ಸಾರಳು ೧೨೭ ವರ್ಷ ಬದುಕಿ ಹೆಬ್ರೋನಿನಲ್ಲಿ ಸತ್ತಳು. ಅಬ್ರಹಾಮನಿಗೆ ಕುರಿದನಗಳಿದ್ದವು, ಆಳುಗಳಿದ್ದರು, ದೇವರ ವಾಗ್ದಾನವೂ ಇತ್ತು. ಹೆಂಡತಿಯನ್ನು ಹೂಣಿಡಲು ಒಂದು ಗೇಣು ನೆಲವಿರಲಿಲ್ಲ. ಅವನು ಹಿತ್ತಿಯರ ಮುಂದೆ ಎದ್ದು ನಿಂತು, ತಾನು ಅವರ ನಡುವೆ ಇರುವ ಪರದೇಶಿಯೆಂದು ಹೇಳಿಕೊಂಡು ನೆಲವನ್ನು ಬೇಡುತ್ತಾನೆ. ಎಫ್ರೋನನು ಸುಮ್ಮನೆ ತೆಗೆದುಕೊಳ್ಳೆನ್ನುತ್ತಾನೆ. ಅಬ್ರಹಾಮನು ಒಪ್ಪದೆ ೪೦೦ ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಂಡುಕೊಳ್ಳುತ್ತಾನೆ. ವಾಗ್ದಾನದ ದೇಶದಲ್ಲಿ ಅವನು ಬೆಲೆಕೊಟ್ಟು ಪಡೆದ ಮೊದಲ ಭೂಮಿ ಒಂದು ಸಮಾಧಿ. ಚೌಕಾಶಿಯಂತೆ ತೋರುವ ಆ ಸಂಭಾಷಣೆಯನ್ನು ನಾವು ಚಿಕ್ಕಂದಿನಲ್ಲಿ ಬೇಸರದಿಂದ ಓದುತ್ತಿದ್ದೆವು. ಈಗ ನೋಡಿದರೆ ಅದರಲ್ಲಿ ಎರಡು ಕಡೆಯ ಮರ್ಯಾದೆಯೂ ಎದ್ದು ಕಾಣುತ್ತದೆ: ಊರಿನವರು ಪರಸ್ಥಳದವನ ದುಃಖವನ್ನು ಗೌರವಿಸಿದರು, ಪರಸ್ಥಳದವನು ಅವರ ಔದಾರ್ಯಕ್ಕೆ ಭಾರವಾಗಲಿಲ್ಲ.

ಆದರೆ ನಮ್ಮ ಸಭೆಗಳಲ್ಲಿ ಸ್ಮಶಾನದ ಮಾತು ಯಾವಾಗಲೂ ಇಷ್ಟು ಮರ್ಯಾದೆಯಿಂದ ನಡೆಯುವುದಿಲ್ಲವೆಂಬುದನ್ನು ಬಲ್ಲೆವು. ಚಂದಾ ಬಾಕಿ ಎಷ್ಟು, ದೇವಾಲಯಕ್ಕೆ ಬಂದು ಎಷ್ಟು ದಿನವಾಯಿತು ಎಂಬ ಲೆಕ್ಕವನ್ನು ಹೆಣದ ಮುಂದೆ ತೆಗೆದವರನ್ನು ಒಂದು ಊರಿನಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಊರಿನ ಹೆಸರು ಬೇಡ. ಚಂದಾ ಕೊಡಬೇಕಾದುದೇ ಸರಿ. ಆದರೆ ಆ ಲೆಕ್ಕಕ್ಕೆ ವರ್ಷದಲ್ಲಿ ೩೬೪ ದಿನಗಳಿವೆ.

ಈ ಸೀಮೆಯು ಸಾವನ್ನು ಅರಿಯದುದಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಜಿಲ್ಲೆಗಳೊಳಗೆ ಬಹಳ ನೊಂದವುಗಳಲ್ಲಿ ಬಳ್ಳಾರಿಯೂ ಒಂದು. ದಕ್ಷಿಣ ದೇಶದ ಮಿಷನ್ನುಗಳು ಅನೇಕ ಕಡೆ ತಬ್ಬಲಿ ಮಕ್ಕಳ ಮನೆಗಳನ್ನು ತೆರೆದುದು ಆಗಲೇ. ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಗಳಲ್ಲಿ ಕೆಲವು ಹಾಗೆ ಬೆಳೆದುವೆಂಬುದನ್ನು ನಮ್ಮ ಹುಡುಗಿಯರು ಮರೆಯಬಾರದು. ೧೯೧೮ರ ಶೀತಜ್ವರದ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದರು. ೨೦೨೦ನೆಯ ವರ್ಷದ್ದನ್ನು ನಾವೇ ಹೇಳಬಲ್ಲೆವು. ಆ ವರ್ಷ ಬೂದಿ ಬುಧವಾರವು ಫೆಬ್ರವರಿ ೨೬ರಂದು ಬಂದಿತು. ಉಪವಾಸದ ದಿನಗಳು ನಡೆಯುತ್ತಿರುವಾಗಲೇ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಏಪ್ರಿಲ್ ೧೦ರ ಶುಭ ಶುಕ್ರವಾರದಂದು ಮೂರು ಗಂಟೆಗಳ ಆರಾಧನೆಗೆ ಗಂಟೆ ಬಾರಿಸಲಿಲ್ಲ. ಶವಸಂಸ್ಕಾರಕ್ಕೆ ಇಪ್ಪತ್ತು ಮಂದಿಗಿಂತ ಹೆಚ್ಚಾಗಿ ಕೂಡಬಾರದೆಂದು ಸರ್ಕಾರದ ಆಜ್ಞೆಯಾಯಿತು. ಸತ್ತವರ ಮನೆಗೆ ಹೋಗದಿರುವುದೇ ಆಗ ಪ್ರೀತಿಯಾಯಿತು. ಅದು ಕಾಲಧರ್ಮ. ನಮಗೆ ಭಯವಾಗುವುದು ಬೇರೊಂದಕ್ಕೆ: ಬಾಗಿಲು ತೆರೆದ ಮೇಲೆಯೂ ಕೆಲವರು ಹೋಗುವ ಅಭ್ಯಾಸಕ್ಕೆ ಹಿಂದಿರುಗಲಿಲ್ಲ. ನಾವೂ ಅವರಲ್ಲಿ ಒಬ್ಬರಾಗಿದ್ದೆವು.

ನಮ್ಮ ಬೋರ್ಡಿಂಗಿನ ಅಡುಗೆಯ ಅವ್ವನನ್ನು ಹಳೇ ವಿದ್ಯಾರ್ಥಿನಿಯರಿಗೆ ಪರಿಚಯಿಸಬೇಕಾದುದಿಲ್ಲ. ಹೆಸರು ಬರೆದರೆ ಬೈದಾಳೆಂಬ ಭಯ ಈಗಲೂ ಇರುವುದರಿಂದ ಬರೆಯುವುದಿಲ್ಲ. ಕೆಲಸ ಬಿಟ್ಟ ಮೇಲೆ ಅವಳು ತಂಗಿಯ ಮಗಳ ಸಂಗಡ ದೋಣಿಮಲೈಯ ಕಾಲೊನಿಯಲ್ಲಿದ್ದಳು. ಕಳೆದ ಲೆಂಟಿನ ಎರಡನೆಯ ವಾರದಲ್ಲಿ, ಅಲ್ಲಿಯೇ ಸಂಸಾರ ಹೂಡಿರುವ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ಟೆಲಿಫೋನಿನಲ್ಲಿ, ಅವ್ವನಿಗೆ ಮೈ ನೆಟ್ಟಗಿಲ್ಲ, ನಿಮ್ಮನ್ನು ನೋಡಬೇಕೆನ್ನುತ್ತಾಳೆ ಎಂದು ತಿಳಿಸಿದಳು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿತ್ತು. ಪ್ರವೇಶಪತ್ರಗಳಲ್ಲಿ ಇಬ್ಬರ ಹೆಸರು ತಪ್ಪಾಗಿ ಬಂದಿತ್ತು. ಪರೀಕ್ಷೆಯಾದ ಕೂಡಲೆ, ಹಬ್ಬದ ರಜೆಯಲ್ಲಿ ಬರುತ್ತೇವೆಂದು ಹೇಳಿ ಕಳುಹಿಸಿದೆವು. ಮರುದಿನ ಅವ್ವನ ಉತ್ತರ ಬಂದಿತು: “ಅಮ್ಮಾವ್ರಿಗೆ ಪರೀಕ್ಷಿ ಮುಗೀಲಿ, ಅವಸರ ಏನಿಲ್ಲ ಅಂತ ಹೇಳವ್ವ.” ನಾಲ್ಕನೆಯ ವಾರದ ಗುರುವಾರ ರಾತ್ರಿ ಅವಳು ಕರ್ತನಲ್ಲಿ ನಿದ್ರೆಹೋದಳು. ಶುಕ್ರವಾರ ಸಂಜೆಗೆ ಮಣ್ಣು ಮಾಡಿದರು. ನಾವು ಹೋದುದು ಶನಿವಾರ.

ಅಲ್ಲಿ ನಡೆದುದನ್ನು ಕೇಳಿ ತಿಳಿದೆವು. ಹೆಣ್ಣುಮಕ್ಕಳು ಮೂವರು ಅವಳ ಮೈ ತೊಳೆದರು, ಒಬ್ಬಳ ಮಾತು ಕನ್ನಡ, ಒಬ್ಬಳದು ತೆಲುಗು, ಒಬ್ಬಳದು ತಮಿಳು. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಮಲಗದೆ ಹಾರೆ ಸಲಿಕೆ ಹಿಡಿದು ಕುಣಿ ತೋಡಿದರು. ಆ ನೆಲ ಮೆತ್ತನೆಯದಲ್ಲ, ಹಾರೆ ಬಿದ್ದರೆ ಕಬ್ಬಿಣದ ಸದ್ದೇ ಬರುತ್ತದೆ. ಒಂದೇ ರಾಗಕ್ಕೆ ಹೊಂದುವ ಗೀತವನ್ನು ಅವರವರ ಭಾಷೆಯಲ್ಲಿ ಒಟ್ಟಿಗೆ ಹಾಡಿದರಂತೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಪಕ್ಕದ ಲಿಂಗಾಯತರ ಮನೆಯಾಕೆ ಜೋಳದ ರೊಟ್ಟಿಯನ್ನೂ ಪುಂಡಿಪಲ್ಲೆಯನ್ನೂ ಎರಡು ದಿನ ತಂದುಕೊಟ್ಟಳು.

ನಾವು ಕುಳಿತಿರುವಾಗ ಒಬ್ಬೊಬ್ಬರಾಗಿ ಹೆಂಗಸರು ಬಂದರು. ಪ್ರತಿಯೊಬ್ಬಳ ಕೈಯಲ್ಲೂ ಒಂದು ಚಿಕ್ಕ ಕೌದಿ. ಕಾಲೊನಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ, ಯಾವ ಮತದವರಾದರೂ, ಅವ್ವನು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದಳಂತೆ. ಅವುಗಳನ್ನು ನಮ್ಮ ಮಡಿಲಿನಲ್ಲಿ ಹರಡಿ ತೋರಿಸಿದರು. ನೋಡುತ್ತ ಹೋದಂತೆ ನೀಲಿಯ ತುಂಡೊಂದರ ಗುರುತು ಹತ್ತಿತು. ನಮ್ಮ ಶಾಲೆಯ ಲಂಗದ ಬಟ್ಟೆ. ಇನ್ನೊಂದರಲ್ಲಿ, ಬಹಳ ಹಿಂದೆ ನಮ್ಮಲ್ಲಿದ್ದ ಹಸಿರು ಅಂಚಿನ ಬಿಳಿ ದಾವಣಿ. ಬೋರ್ಡಿಂಗಿನಲ್ಲಿ ಹರಿದುದನ್ನು, ಗಿಡ್ಡವಾದುದನ್ನು, ಮರೆತು ಬಿಟ್ಟುಹೋದುದನ್ನು ಅವಳು ಒಗೆದು ಮಡಿಸಿಟ್ಟುಕೊಂಡಿದ್ದಳು. ಓದುತ್ತಿರುವ ನಿಮ್ಮಲ್ಲಿ ಯಾರ ಲಂಗ ಯಾವ ಕೂಸಿನ ಮೇಲಿದೆಯೋ ನಾವರಿಯೆವು.

ಅಪೊಸ್ತಲರ ಕೃತ್ಯಗಳ ೯ನೆಯ ಅಧ್ಯಾಯವನ್ನು ಹಲವು ವರ್ಷ ತರಗತಿಯಲ್ಲಿ ಕಲಿಸಿದ್ದೇವೆ. ಯೊಪ್ಪದಲ್ಲಿ ತಬಿಥಳೆಂಬ ಶಿಷ್ಯೆ ಸತ್ತಳು. ಗ್ರೀಕರ ಮಾತಿನಲ್ಲಿ ದೊರ್ಕ, ಹುಲ್ಲೆಯೆಂದರ್ಥ. ಪೇತ್ರನು ಬಂದಾಗ ವಿಧವೆಯರೆಲ್ಲ ಅಳುತ್ತ, ಅವಳು ಹೊಲಿದುಕೊಟ್ಟ ಅಂಗಿಗಳನ್ನು ಅವನಿಗೆ ತೋರಿಸಿದರು. ಅವರು ಅವಳ ಗುಣಗಳನ್ನು ವರ್ಣಿಸಲಿಲ್ಲ, ಬಟ್ಟೆಗಳನ್ನು ತೋರಿಸಿದರು. ಪೇತ್ರನ ಪ್ರಾರ್ಥನೆಯಿಂದ ದೊರ್ಕಳು ಎದ್ದಳೆಂಬುದರ ಮೇಲೆ ನಾವು ಪರೀಕ್ಷೆಯ ಪ್ರಶ್ನೆ ಕೇಳುತ್ತಿದ್ದೆವು. ವಿಧವೆಯರ ಕೈಯ ಅಂಗಿಗಳನ್ನು ಕುರಿತು ಎಂದೂ ಕೇಳಿರಲಿಲ್ಲ. ಮತ್ತೊಂದು ಸಂಗತಿ ಆ ದಿನವೇ ತೋರಿತು. ಪೇತ್ರನು ಲುದ್ದದಲ್ಲಿದ್ದನು. ಇಬ್ಬರು ಬಂದು ತಡಮಾಡದೆ ಬರಬೇಕೆಂದು ಕರೆದಾಗ ಅವನು ಎದ್ದು ಅವರ ಸಂಗಡ ಹೊರಟನು. ಅವನಿಗೂ ಕೆಲಸವಿದ್ದಿರಬೇಕು.

ಪೋಷಕರಿಗೆ ಒಂದು ವಿಜ್ಞಾಪನೆ. ಹೆಣ್ಣುಮಕ್ಕಳನ್ನು ಸಾವಿನ ಮನೆಗೆ ಕರೆದುಕೊಂಡು ಹೋಗಬಾರದು, ಸ್ಮಶಾನಕ್ಕಂತೂ ಕೂಡದು ಎಂಬ ಅಭಿಪ್ರಾಯ ನಮ್ಮ ಮನೆಗಳಲ್ಲಿ ಇನ್ನೂ ಉಂಟು; ಪರೀಕ್ಷೆಯ ಕಾಲದಲ್ಲಿ ಸುದ್ದಿಯನ್ನೇ ಮುಚ್ಚಿಡುವವರೂ ಉಂಟು. ನಾವು ಒಪ್ಪುವುದಿಲ್ಲ. ಕರ್ತನ ಸಮಾಧಿಗೆ ಬೆಳಗಿನ ಜಾವ ಮೊದಲು ಹೋದವರು ಹೆಂಗಸರೇ. ತೀರ ಚಿಕ್ಕವರನ್ನು ಬಿಡಿ. ಎಂಟನೆಯ ತರಗತಿಗೆ ಬಂದ ಹುಡುಗಿಯು ತಾಯಿಯ ಪಕ್ಕದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತಿರಬಲ್ಲಳು. ಏನು ಮಾತಾಡಬೇಕೆಂದು ಅವಳು ಕೇಳಿದರೆ, ಮಾತು ಬೇಡ, ನೀರು ತುಂಬಿಕೊಡು ಎಂದು ಹೇಳಿರಿ. ಈ ವಿಜ್ಞಾಪನೆಯನ್ನು ನಾವು ಮೊದಲು ನಮಗೇ ಮಾಡಿಕೊಂಡು, ಬರುವ ವರ್ಷದಿಂದ ಲೆಂಟ್ ಕಾಲದ ಬುಧವಾರಗಳಲ್ಲಿ ಸಂಜೆ ನಾಲ್ಕೂವರೆಗೆ ಕಚೇರಿಯನ್ನು ಮುಚ್ಚುವುದೆಂದು ನಿಶ್ಚಯಿಸಿದ್ದೇವೆ. ಹಾಸಿಗೆ ಹಿಡಿದವರ ಮನೆಗಳ ಪಟ್ಟಿಯನ್ನು ಸಭಾಪಾಲಕರು ಕೊಡಲು ಒಪ್ಪಿದ್ದಾರೆ. ಜೊತೆಗೆ ಬರುವ ಹಳೇ ವಿದ್ಯಾರ್ಥಿನಿಯರು ತಿಳಿಸಬಹುದು.

ಹೊರಡುವಾಗ ತಂಗಿಯ ಮಗಳು, ಅವ್ವನ ಪೆಟ್ಟಿಗೆಯಲ್ಲಿ ಇನ್ನೂ ಅಂಚು ಹೊಲಿಯದೆ ಉಳಿದಿದ್ದ ಒಂದು ಕೌದಿಯನ್ನು ನಮ್ಮ ಕೈಗೆ ಕೊಟ್ಟಳು. ಬೋರ್ಡಿಂಗಿನ ಹುಡುಗಿಯರು ಸರದಿಯ ಮೇಲೆ ಕುಳಿತು ಮೂರು ಅಂಚನ್ನು ಹೊಲಿದು ಮುಗಿಸಿದ್ದಾರೆ. ಹೊಲಿಗೆ ಅವ್ವನದಷ್ಟು ಒತ್ತಾಗಿಲ್ಲ. ನಾಲ್ಕನೆಯ ಅಂಚು ಆದ ಮೇಲೆ ಅದನ್ನು ರೋಗಿಗಳ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚಕ್ಕೆ ಹಾಸಲಾಗುವುದು.