ಪ್ರೋಟೋಕಾಲ್ ಪುಸ್ತಕ ಕೊಳ್ಳುವಾಗ ನಾನು ಎಡವಿದ್ದು

ನೆಟ್‌ವರ್ಕ್ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪುಸ್ತಕ ಕೊಂಡರೆ ಅರ್ಧ ಓದಿದಂತೆಯೇ ಎಂದುಕೊಂಡಿದ್ದೆ. ಆ ನಂಬಿಕೆಗೆ ತೆತ್ತ ದುಡ್ಡು, ಮರ್ಯಾದೆ ಎರಡರ ಲೆಕ್ಕವೂ ಇಲ್ಲಿದೆ.

1. ತೂಕ ನೋಡಿ ಕೊಳ್ಳಬೇಡಿ.
ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಿಂದ ಟ್ಯಾನೆನ್‌ಬಾಮ್ ಅವರ ‘ಕಂಪ್ಯೂಟರ್ ನೆಟ್‌ವರ್ಕ್ಸ್’ ಎತ್ತಿಕೊಂಡೆ. ಇಟ್ಟಿಗೆಯಂತಿತ್ತು, ಅದೊಂದೇ ಕಾರಣ. ಅದು ತಂತಿ, ಸಿಗ್ನಲ್‌ಗಳಿಂದ ಶುರುವಾಗಿ ಮೇಲೇರುತ್ತದೆ. ಮೂರು ಸಲ ಓದಲು ಕೂತು ಮೂರು ಸಲವೂ ತಂತಿಯಲ್ಲೇ ಸಿಕ್ಕಿಕೊಂಡೆ. ಕುರೋಸ್ ಮತ್ತು ರಾಸ್ ಅವರ ಪುಸ್ತಕ ಇದಕ್ಕೆ ತಿರುಗಾಮುರುಗಾ: ದಿನಾ ಬಳಸುವ ವೆಬ್, ಇಮೇಲ್‌ಗಳಿಂದ ಹಿಡಿದು ಕೆಳಗಿಳಿಯುತ್ತದೆ. ನನ್ನಂಥವನಿಗೆ ಹತ್ತುವುದಕ್ಕಿಂತ ಇಳಿಯುವುದು ಸಲೀಸಾಯಿತು. ಮೊದಲ ಪುಸ್ತಕದ ತಪ್ಪೇನಿಲ್ಲ.

2. ಹಳೆಯ ಪುಸ್ತಕದಲ್ಲಿ ಹಳಸಿದ್ದು ಯಾವುದು, ಕೇಳಿಕೊಳ್ಳಿ.
ಐಪಿ ವಿಳಾಸಗಳನ್ನು ಎ, ಬಿ, ಸಿ ವರ್ಗಗಳಾಗಿ ಕಲಿತದ್ದು ಒಂದು ಹಳೇ ಗೈಡಿನಿಂದ. ಆಫೀಸಿನಲ್ಲಿ ವಿಳಾಸ 172.20 ಎಂದು ಶುರುವಾದದ್ದು ಕಂಡು ‘ಬಿ ವರ್ಗ’ ಎಂದು ಮಾಸ್ಕ್ 255.255.0.0 ಹಾಕಿದೆ. ಬೇಕಿದ್ದದ್ದು 255.255.255.0. ಪಕ್ಕದ ಸಬ್‌ನೆಟ್‌ನ ಸರ್ವರ್ ಇದೇ ಜಾಲದಲ್ಲಿದೆ ಎಂದು ನಂಬಿದ ಯಂತ್ರ, ರೂಟರ್‌ಗೆ ಹೇಳದೆ ತಾನೇ ಯಂತ್ರದ ವಿಳಾಸ ಕೇಳುವ ಎಆರ್‌ಪಿಯಲ್ಲಿ ಕೂಗುತ್ತ ಕೂತಿತು. ಓಗೊಡುವವರಿಲ್ಲ. ವರ್ಗಗಳ ಕಾಲವನ್ನು ವರ್ಗವಿಲ್ಲದ ವಿಳಾಸ ಪದ್ಧತಿ ಸಿಐಡಿಆರ್ 1993ರಲ್ಲೇ ಮುಗಿಸಿತ್ತು! ಹಾಗಂತ ಹಳೆಯದೆಲ್ಲ ರದ್ದಿಯಲ್ಲ. 1994ರ ಸ್ಟೀವನ್ಸ್ ಪುಸ್ತಕ ‘ಟಿಸಿಪಿ/ಐಪಿ ಇಲ್ಲಸ್ಟ್ರೇಟೆಡ್’ನಲ್ಲಿ ಈಚಿನ ಪ್ರೋಟೋಕಾಲ್ ಕ್ವಿಕ್ ಸಿಗದು, ಆದರೆ ಟಿಸಿಪಿ ಸಂಪರ್ಕ ಕೂಡುವ ಬಗೆ ಇವತ್ತಿಗೂ ಅದೇ.

3. ಆರ್‌ಎಫ್‌ಸಿಯ ತಲೆಬರಹ ಓದಿ.
ಪ್ರೋಟೋಕಾಲ್‌ಗಳ ಮೂಲ ದಾಖಲೆಗಳಾದ ಆರ್‌ಎಫ್‌ಸಿಗಳನ್ನೇ ಓದುವ ಜಂಬದಲ್ಲಿ ಟಿಸಿಪಿಯ ಆರ್‌ಎಫ್‌ಸಿ 793 ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದೆ. ಅದು 1981ರದು, 2022ರಲ್ಲಿ 9293 ಅದರ ಜಾಗಕ್ಕೆ ಬಂದಿತ್ತು. ಆರ್‌ಎಫ್‌ಸಿಗಳು ಪುಕ್ಕಟೆ ಸಿಗುತ್ತವೆ, ಯಾವುದು ಯಾವುದನ್ನು ರದ್ದು ಮಾಡಿತು ಎಂಬುದೂ ಅಲ್ಲೇ ಇರುತ್ತದೆ. ತಾರೀಕನ್ನೂ ನೋಡಿ. ಪಾರಿವಾಳದ ಮೇಲೆ ಪ್ಯಾಕೆಟ್ ಕಳಿಸುವ ಆರ್‌ಎಫ್‌ಸಿ 1149ಕ್ಕೆ ನಾನು ಗಂಭೀರವಾಗಿ ಟಿಪ್ಪಣಿ ಮಾಡಿಕೊಂಡಿದ್ದೆ. ತಾರೀಕು 1990ರ ಏಪ್ರಿಲ್ 1.

4. ಓದುವಾಗ ಪಕ್ಕದಲ್ಲಿ ವೈರ್‌ಶಾರ್ಕ್ ಇರಲಿ.
ಟಿಸಿಪಿ ಸಂಪರ್ಕ ಕೂಡುವ ಮೂರು ಹೆಜ್ಜೆಗಳನ್ನು ಸಿನ್, ಸಿನ್-ಆಕ್, ಆಕ್ ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಸಂಪರ್ಕ ಕೂಡದ ದಿನ ಕೇಬಲ್ ಬದಲಿಸುತ್ತ ಅರ್ಧ ದಿನ ಕಳೆದೆ. ಜೊತೆಗಿದ್ದ ಹುಡುಗಿ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದು, “ಸಾರ್, ಸಿನ್ ಮತ್ತೆ ಮತ್ತೆ ಹೋಗ್ತಿದೆ, ಉತ್ತರಾನೇ ಇಲ್ಲ” ಎಂದಳು. ಫೈರ್‌ವಾಲ್ ನುಂಗುತ್ತಿತ್ತು. ಸ್ಟೀವನ್ಸ್ ತಮ್ಮ ಪುಸ್ತಕದಲ್ಲಿ ಅಂಥದೇ ಕೆಲಸದ ಟಿಸಿಪಿಡಂಪ್‌ನ ನಿಜವಾದ ಸಾಲುಗಳನ್ನು ಯಾಕೆ ಹರಡಿಟ್ಟಿದ್ದಾರೆಂದು ಆಗ ಹೊಳೆಯಿತು.

5. ಅಂಗಡಿಗೆ ಪ್ರಶ್ನೆ ಒಯ್ಯಿರಿ.
ಈಗ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತೇನೆ. ಆ ವಾರ ನನ್ನನ್ನು ಕಾಡಿದ ಒಂದು ಪದವನ್ನು ಅಕಾರಾದಿಯಲ್ಲಿ ಹುಡುಕಿ, ಆ ಪುಟವನ್ನು ನಿಂತಲ್ಲೇ ಓದುತ್ತೇನೆ. ಅರ್ಥವಾದರೆ ಕೊಳ್ಳುವುದು, ಇಲ್ಲವಾದರೆ ಇಟ್ಟುಬರುವುದು. ನಿಯಮವೇನೋ ಇದೆ, ಆದರೂ ಹೋದ ತಿಂಗಳು ಮತ್ತೊಂದು ಇಟ್ಟಿಗೆ ಮನೆಗೆ ಬಂದಿದೆ.