ವಿದೇಶಿ ಕಾರು: ಮೊದಲು ಸ್ಟೀರಿಂಗ್ ನೋಡಿ, ಆಮೇಲೆ ಕಾಗದ

ದುಬೈಯಲ್ಲೋ ರಿಯಾದಿನಲ್ಲೋ ನಾಲ್ಕಾರು ವರ್ಷ ದುಡಿದು ಶಹಾಪುರಕ್ಕೋ ಸುರಪುರಕ್ಕೋ ಮರಳುವವರಿಗೆ ಅಲ್ಲಿ ಓಡಿಸುತ್ತಿದ್ದ ಕಾರನ್ನೇ ಹಡಗಿಗೇರಿಸಿ ಊರಿಗೆ ತರುವ ಆಸೆ ಹುಟ್ಟುವುದು ಸಹಜ. ಅಲ್ಲಿ ಬೆಲೆ ಕಡಿಮೆ, ಗಾಡಿ ಗಟ್ಟಿ, ಸಾಗಾಟಕ್ಕೆ ಒಂದಿಷ್ಟು ರೊಕ್ಕ ಹೋದರೂ ಲಾಭವೇ ಎಂಬುದು ಲೆಕ್ಕ. ಈ ಲೆಕ್ಕ ಸ್ಟೀರಿಂಗಿನಲ್ಲೇ ತಪ್ಪುತ್ತದೆ. ಕೊಲ್ಲಿ ದೇಶಗಳಲ್ಲಿ ವಾಹನ ರಸ್ತೆಯ ಬಲಕ್ಕೆ ಓಡುತ್ತದೆ, ಸ್ಟೀರಿಂಗ್ ಎಡಕ್ಕಿರುತ್ತದೆ. ಭಾರತದ ಆಮದು ನೀತಿ ಕೇಳುವುದು ಬಲಗಡೆಯ ಸ್ಟೀರಿಂಗ್. ಊರಿಗೆ ಮರಳುವವರ ಲಗೇಜಿಗೆ ಸಿಗುವ ಸುಂಕದ ರಿಯಾಯಿತಿಯೂ ಕಾರಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ಬ್ರಿಟನ್ನಿನಿಂದಲೋ ಜಪಾನಿನಿಂದಲೋ ತರಬಹುದೇ? ತರಬಹುದು, ಆದರೆ ಷರತ್ತುಗಳಿವೆ. ಬಳಸಿದ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು. ಮುಂಬೈ ಬಂದರಿನಲ್ಲೇ ಇಳಿಯಬೇಕು. ವೇಗಮಾಪಕ ಕಿಲೋಮೀಟರಿನಲ್ಲಿ ತೋರಿಸಬೇಕು; ಬ್ರಿಟನ್ನಿನ ಕಾರುಗಳಲ್ಲಿ ಅದು ಮೈಲಿಯಲ್ಲಿರುತ್ತದೆ ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಹಡಗು ಹತ್ತುವ ಮೊದಲು ತಪಾಸಣೆಯ ಪ್ರಮಾಣಪತ್ರ, ಇಳಿದ ಮೇಲೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಎರಡೂ ಬೇಕು.

ಇನ್ನು ರೊಕ್ಕದ ಮಾತು. ಅಲ್ಲಿ ಎಷ್ಟಕ್ಕೆ ಕೊಂಡಿರಿ ಎಂಬ ರಸೀದಿಯನ್ನು ಕಸ್ಟಮ್ಸ್‌ನವರು ಹಾಗೇ ಒಪ್ಪುವುದಿಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5 ಎಂದು ಸವಕಳಿ ಕಳೆಯುತ್ತಾರೆ. ಗೆಳೆಯನಿಂದ ಅಗ್ಗಕ್ಕೆ ಸಿಕ್ಕಿತೆಂಬ ವಾದ ನಡೆಯುವುದಿಲ್ಲ. ಹೀಗೆ ಕಟ್ಟಿದ ಬೆಲೆ, ಹಡಗಿನ ಬಾಡಿಗೆ ಮತ್ತು ವಿಮೆ ಸೇರಿ, 10 ಲಕ್ಷ ರೂಪಾಯಿ ಆಯಿತೆನ್ನಿ. 2025ರ ಬಜೆಟ್ ಪ್ರಕಾರ ಬಳಸಿದ ಕಾರಿಗೆ ಮೂಲ ಸುಂಕವೂ ಕೃಷಿ ಮೂಲಸೌಕರ್ಯ ಸೆಸ್ಸೂ ಸೇರಿ ಶೇ 137.5, ಅಂದರೆ 13.75 ಲಕ್ಷ. ಒಟ್ಟು 23.75 ಲಕ್ಷದ ಮೇಲೆ ದೊಡ್ಡ ಕಾರಾದರೆ ಶೇ 40 ಜಿಎಸ್‌ಟಿ, ಮತ್ತೆ 9.5 ಲಕ್ಷ. ಬಂದರಿನ ಗೇಟು ದಾಟುವಾಗಲೇ 33.25 ಲಕ್ಷ. ಯಾದಗಿರಿಗೆ ಬಂದು ಕೆಎ-33 ನಂಬರ್ ಹಾಕಿಸಬೇಕೆಂದರೆ ಕರ್ನಾಟಕದ ಜೀವಿತಾವಧಿ ತೆರಿಗೆ ಬಾಕಿ ಇದೆ: 20 ಲಕ್ಷ ಮೀರಿದ ಕಾರಿಗೆ ದರ ಶೇ 18, ಅದರ ಮೇಲೆ ಸೆಸ್. ಹತ್ತು ಲಕ್ಷದ ಕಾರು ನಲವತ್ತು ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ.

ಕಾಗದ ಹೊಂದಿಸಿಕೊಳ್ಳುತ್ತಾ ಕೂತರೆ ಬಂದರಿನಲ್ಲಿ ಡೆಮರೇಜ್ (ತಡವಾದದ್ದಕ್ಕೆ ಶುಲ್ಕ) ದಿನದಿನಕ್ಕೆ ಏರುತ್ತದೆ. 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ, ನೋಟಿಸ್ ಕೊಟ್ಟು ಮಾರಿಬಿಡಲು ಕಸ್ಟಮ್ಸ್ ಕಾಯ್ದೆಯ 48ನೇ ಕಲಂ ಅವಕಾಶ ಕೊಡುತ್ತದೆ.

ಇಷ್ಟೆಲ್ಲ ತಿಳಿದವರು ತಾವೇ ತರಿಸುವುದಿಲ್ಲ, ಬೇರೆಯವರು ತರಿಸಿದ್ದನ್ನು ಅಗ್ಗಕ್ಕೆ ಕೊಳ್ಳಲು ಹೋಗುತ್ತಾರೆ. ನಿಜವಾದ ಅಪಾಯ ಇಲ್ಲಿದೆ. 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ‘ನುಮ್‌ಖೋರ್’ ಕಾರ್ಯಾಚರಣೆ ನಡೆಸಿ ಮೂವತ್ತಕ್ಕೂ ಹೆಚ್ಚು ವಾಹನ ವಶಪಡಿಸಿಕೊಂಡರು. ಭೂತಾನ್ ಗಡಿಯಿಂದ ಸುಂಕ ಕಟ್ಟದೆ ತಂದು, ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಮಾರಿದ್ದಾರೆಂಬುದು ಆರೋಪ. ವಾಹನ ಕಳೆದುಕೊಂಡವರು ಕೊನೆಯಲ್ಲಿ ಕೊಂಡವರು.

ಕೊಂಡವರಿಗೆ ಹಕ್ಕೇ ಇಲ್ಲವೆಂದಲ್ಲ. 2002ರಲ್ಲಿ ಆಮದಾದ ಪೋರ್ಷೆ ಕಾರೊಂದು ಕೈಯಿಂದ ಕೈಗೆ ದಾಟಿತ್ತು. ಆಮದಿನ ದಾಖಲೆ ಸುಳ್ಳೆಂದು ಕಸ್ಟಮ್ಸ್ ಇಲಾಖೆ ನಂತರದ ಮಾಲೀಕರಿಂದಲೇ ಸುಂಕ ಕೇಳಿತು. ಸುಂಕದ ಹೊಣೆ ಆಮದು ಮಾಡಿದವರದು, ಆಮೇಲೆ ಕೊಂಡವರದಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೆ ಇಪ್ಪತ್ತು ವರ್ಷ ದಾಟಿದ ಮೇಲೆ ಬಂದ ತೀರ್ಪು.

ವಾಹನ ಜಪ್ತಿಯಾದರೆ ಗಾಬರಿಯಲ್ಲಿ ಯಾವುದಕ್ಕೂ ಸಹಿ ಹಾಕಬಾರದು. ಆರು ತಿಂಗಳೊಳಗೆ ಇಲಾಖೆ ಕಾರಣ ಕೇಳುವ ನೋಟಿಸ್ ಕೊಡಬೇಕು; ಲಿಖಿತ ಕಾರಣ ನೀಡಿ ಇನ್ನಾರು ತಿಂಗಳು ಮುಂದೂಡಬಹುದು. ಬಾಂಡ್ ಮತ್ತು ಭದ್ರತೆ ಕೊಟ್ಟು ತಾತ್ಕಾಲಿಕ ಬಿಡುಗಡೆ ಕೋರಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಆಯುಕ್ತರ (ಮೇಲ್ಮನವಿ) ಮುಂದೆ ಹೋಗಲು 60 ದಿನ ಇದೆ.

ಹೊರರಾಜ್ಯದ ಗಾಡಿ ಕೊಳ್ಳುವವರೂ ಎಚ್ಚರ ವಹಿಸಬೇಕು. ಯಾದಗಿರಿ ಗಡಿ ಜಿಲ್ಲೆ, ಹೈದರಾಬಾದಿನ ಸೆಕೆಂಡ್ ಹ್ಯಾಂಡ್ ಗಾಡಿಗಳಿಗೆ ದಾರಿ ದೂರವಿಲ್ಲ. ಹೊರರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಆ ರಾಜ್ಯದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿನ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರದ ನಂಬರಿನ ಕೆಂಪು ಫೆರಾರಿಯನ್ನು ಆರ್‌ಟಿಒ ತಡೆದಾಗ ಮಾಲೀಕರು ತೆರಿಗೆ, ದಂಡ ಸೇರಿ 1.41 ಕೋಟಿ ರೂಪಾಯಿ ಕಟ್ಟಬೇಕಾಯಿತು. ಏಳೆಂಟು ಲಕ್ಷದ ಗಾಡಿಗೂ ನಿಯಮ ಇದೇ.

ವಿದೇಶಿ ಕಾರಿಗೆ ಮುಂಗಡ ಕೊಡುವ ಮೊದಲು ಬಿಲ್ ಆಫ್ ಎಂಟ್ರಿಯ (ಆಮದಿನ ಕಸ್ಟಮ್ಸ್ ದಾಖಲೆ) ಪ್ರತಿ ಕೇಳಿ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ. ಮೂಡಿದ ಒಂದೊಂದು ಅಕ್ಷರವನ್ನೂ ಆ ಪ್ರತಿಯೊಂದಿಗೆ, ಆರ್‌ಸಿಯೊಂದಿಗೆ ಹೋಲಿಸಿ. ಏಜೆಂಟ್ ಮೋಸ ಮಾಡಿದರೆ ಮುಂಬೈಗೆ ಅಲೆಯಬೇಕಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ‘ಕಸ್ಟಮ್ಸ್ ಹರಾಜಿನ ಕಾರು’ ಎಂದು ಮೊಬೈಲಿಗೆ ಬಂದ ಜಾಹೀರಾತು ನಂಬಿ ರೊಕ್ಕ ಹಾಕಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100.